ನಗುವ ಜಾಗ

ಎರಡನೇ ಅಂಕದ ನಡುವೆ, ಎಲ್ಲರೂ ನಗಬೇಕಾದ ಜಾಗದಲ್ಲಿ, ಕಪ್ಪು ಬಟ್ಟೆಯ ಹೆಂಗಸೊಬ್ಬಳು ಬಿಕ್ಕಿ ಬಿಕ್ಕಿ ಅತ್ತುಬಿಟ್ಟಳು.

ಪ್ಯಾರಿಸ್ಸಿನ ಆ ಥಿಯೇಟರಿನಲ್ಲಿ ಎಲ್ಲಿ ನಗಬೇಕು, ಎಲ್ಲಿ ಅಳಬೇಕು ಎನ್ನುವುದನ್ನು ಪ್ರೇಕ್ಷಕರಿಗೆ ಬಿಟ್ಟಿರಲಿಲ್ಲ. ಅದಕ್ಕೆ ಪುಶಾರ್ ಇದ್ದ. ನಾಟಕದ ಪ್ರತಿಯಲ್ಲಿ ಮೊದಲೇ ಗುರುತು ಹಾಕಿಕೊಂಡು, ದೀಪಗೊಂಚಲಿನ ಕೆಳಗೆ ತನ್ನ ನಲವತ್ತು ಬಾಡಿಗೆ ಜನರ ಜೊತೆ ಕೂರುತ್ತಿದ್ದ. ಅವನು ಬೆತ್ತ ಎತ್ತಿದರೆ ಚಪ್ಪಾಳೆ, ಟೋಪಿ ತೆಗೆದರೆ ನಗು, ಮೂಗು ಒರೆಸಿಕೊಂಡರೆ ಅಳು. ಅಳುವುದಕ್ಕೆಂದೇ ಕರವಸ್ತ್ರ ಹಿಡಿದ ಎಂಟು ಹೆಂಗಸರಿದ್ದರು. ಈ ಅಳು ಕಿವಿಗೆ ಬಿದ್ದದ್ದೇ, ಸನ್ನೆ ನೋಡದೆ ಹೋದೆವೇನೋ ಎಂದು ಗಾಬರಿಯಾಗಿ ಅವರೂ ಗೊಳೋ ಎಂದರು. ಉಳಿದವರು ಟೋಪಿ ನೋಡಿ ಹೋ ಎಂದು ನಗುತ್ತಿದ್ದರು. ಗ್ಯಾಲರಿಯಿಂದ ಗೇಲಿಯ ಸಿಳ್ಳೆ ಬಂತು. ರಂಗದ ಮೇಲೆ ಕಾಯಿಲೆ ಹುಡುಗಿಯ ಪಾತ್ರದವಳು ಮುಂದಿನ ಸಾಲು ಮರೆತು ನಿಂತಳು.

ಪರದೆ ಬಿದ್ದ ಕೂಡಲೇ ಪುಶಾರ್ ಕವಿ ವಾಲೆರಾನ ಬಳಿ ಧಾವಿಸಿದ. ಹನ್ನೊಂದು ವರ್ಷ ಪದ್ಯ ಬರೆದು ಯಾರಿಗೂ ಬೇಡವಾಗಿದ್ದ ಅನ್ಸೆಲ್ಮ್ ವಾಲೆರಾನ ಮೊದಲ ನಾಟಕ ಅದು. ಈ ಪ್ರದರ್ಶನ ಬಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯಿತು.

"ಯಾರ್ರೀ ಅವಳು? ನಿಮಗೇನಾದ್ರೂ ಗೊತ್ತಾ?"

"ಗೊತ್ತಿಲ್ಲ," ಎಂದ ವಾಲೆರಾ, ಬೇರೆಲ್ಲೋ ನೋಡುತ್ತ.

"ತಪ್ಪು ಆ ಸಾಲಿಂದೇ ಬಿಡಿ. ಕ್ರಿಸ್ಮಸ್ ಉಡುಗೊರೆ ತುಂಬಲಿ ಅಂತ ಒಲೆ ಮುಂದೆ ಬೂಟು ಇಡ್ತಾ ಇದ್ರೆ, ಕಾಯಿಲೆ ಹುಡುಗಿ ಹೇಳ್ತಾಳಲ್ಲ, 'ನನ್ನ ಬೂಟು ಸಣ್ಣದಮ್ಮಾ, ನಿನ್ನದೇ ಇಡು.' ಎಣಿಸಿ ನೋಡಿದೀನಿ ನಾನು. ನಿಮ್ಮ ಎಲ್ಲಾ ಸಾಲಿಗೂ ಹನ್ನೆರಡು ಅಕ್ಷರ, ಇದೊಂದಕ್ಕೆ ಹದಿಮೂರು. ಈ ಕುಂಟು ಸಾಲು ಯಾಕೆ ಸ್ವಾಮಿ? ಕಿತ್ತು ಹಾಕಿ!"

ಆ ಸಾಲನ್ನು ಹನ್ನೆರಡಕ್ಕೆ ಇಳಿಸಲು ವಾಲೆರಾ ಎಷ್ಟೋ ಸಲ ಕೂತಿದ್ದ. ಪ್ರತಿ ಸಲವೂ ಕೈ ಬಂದಿರಲಿಲ್ಲ. ಅದನ್ನು ಹಾಗೇ ಬಿಟ್ಟದ್ದೇ ಇಡೀ ನಾಟಕದಲ್ಲಿ ಅವನು ಮಾಡಿದ್ದ ಒಂದೇ ಒಂದು ಮರ್ಯಾದೆಯ ಕೆಲಸ.

ಪುಶಾರ್ ಅತ್ತ ಹೋದ ಮೇಲೆ ಅವನು ಮೆಟ್ಟಿಲ ಹಿಂದೆ ಆ ಹೆಂಗಸನ್ನು ಹಿಡಿದು ನಿಲ್ಲಿಸಿದ. ಅವಳು ಅವನ ಹೆಂಡತಿ ಕ್ಲೊತಿಲ್ಡ್.

"ಬರಬೇಡ ಅಂದಿದ್ದೆನಲ್ಲ!"

"ನಮ್ಮ ನಿನೆತ್ ಸಾಯೋ ಹಿಂದಿನ ದಿನ ಹೇಳಿದ ಮಾತದು. ನನಗೆ ಹೇಳಿದ್ದು. ಅದಕ್ಕೆ ನಗೋಕೆ ಆಳು ಇಟ್ಟಿದೀರಾ?"

"ಮೆಲ್ಲಗೆ ಮಾತಾಡು, ಯಾರಾದ್ರೂ ಕೇಳಿಸ್ಕೊಂಡಾರು. ಮೂರನೇ ಅಂಕ ನೋಡು, ಕ್ಲೊತಿಲ್ಡ್. ಮಗು ಅಪ್ಪನ ತೊಡೆ ಮೇಲೆ ಪ್ರಾಣ ಬಿಡುತ್ತೆ. ಅಲ್ಲಿ ಯಾರೂ ನಗಲ್ಲ."

"ಯಾರ ಅಪ್ಪನ ತೊಡೆ?" ಅವಳು ಅವನನ್ನು ನೆಟ್ಟಗೆ ನೋಡಿದಳು. "ಮಗು ಹೋದ ದಿನ ನೀವು ಯಾರದೋ ಮನೇಲಿ ಪದ್ಯ ಓದ್ತಾ ಇದ್ರಿ. ಹೇಳಿ ಕಳಿಸಿದ್ರೂ, ಪೂರ್ತಿ ಓದಿ ಮುಗಿಸಿಯೇ ಬಂದ್ರಿ."

ಮೂರನೇ ಅಂಕದ ಗಂಟೆ ಹೊಡೆಯಿತು. ವಾಲೆರಾ ಒಳಗೆ ನುಸುಳಿಕೊಂಡ. ಅವಳು ತನ್ನ ಜಾಗಕ್ಕೆ ಹೋಗಿ ಕೂತಳು.

ಮೂರನೇ ಅಂಕ ಹೂವೆತ್ತಿದ ಹಾಗೆ ನಡೆಯಿತು. ರಂಗದ ಮೇಲಿನ ಅಪ್ಪ ಮಗುವನ್ನು ಎದೆಗವಚಿಕೊಂಡು ಮೂವತ್ತು ಸಾಲು ಹೇಳಿದ, ಪ್ರತಿ ಸಾಲಿಗೂ ಹನ್ನೆರಡೇ ಅಕ್ಷರ. ಪುಶಾರ್ ಮೂಗು ಒರೆಸಿಕೊಂಡ. ಎಂಟು ಹೆಂಗಸರು ಅತ್ತರು, ಅವರನ್ನು ನೋಡಿ ಇಡೀ ಸಭೆ ಅತ್ತಿತು, ಸಿಳ್ಳೆ ಹಾಕಿದ್ದ ಗ್ಯಾಲರಿಯೂ ಅತ್ತಿತು. ಬಾಗಿಲ ಮರೆಯಲ್ಲಿ ವಾಲೆರಾ ನಿಜವಾಗಿಯೇ ಅಳುತ್ತಿದ್ದ. ಕ್ಲೊತಿಲ್ಡ್ ಮಾತ್ರ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಒಣಗಣ್ಣಲ್ಲಿ ಕೊನೆಯವರೆಗೂ ನೋಡಿ ಎದ್ದು ಹೋದಳು.

ಚಪ್ಪಾಳೆ ನಿಲ್ಲುವ ಮೊದಲೇ ಪುಶಾರ್ ಬೆವರು ಒರೆಸಿಕೊಳ್ಳುತ್ತ ಬಂದು, ನಾಟಕದ ಪ್ರತಿಯನ್ನೂ ಪೆನ್ಸಿಲನ್ನೂ ಕವಿಯ ಕೈಗಿಟ್ಟ.

"ಗೆದ್ವಿ ಸ್ವಾಮಿ! ಆದ್ರೆ ಆ ಹೆಂಗಸನ್ನ ನೋಡಿದ್ರಾ? ಮಗು ಸಾಯುವಾಗ ಒಂದು ಹನಿ ಕಣ್ಣೀರಿಲ್ಲ! ಮಕ್ಕಳನ್ನ ಹೆತ್ತವಳಲ್ಲ ಬಿಡಿ, ಅವಳು."

"ಇರಬೇಕು," ಎಂದ ವಾಲೆರಾ, ಹದಿಮೂರು ಅಕ್ಷರಗಳ ಮೇಲೆ ಗೀಟು ಎಳೆಯುತ್ತ.