ನಿಂತ ನಡುಕ

ಅಷ್ಟು ಹೊತ್ತು ಗಡಗಡ ನಡುಗುತ್ತಿದ್ದ ಮುಂಡಪ್ಪನವರು ಹರಿಶ್ಚಂದ್ರಗಡ ಬೆಟ್ಟದ ಏರಿನಲ್ಲಿ ತಟ್ಟನೆ ನಿಂತು ಜಾಕೆಟ್ಟಿನ ಜಿಪ್ಪು ಬಿಚ್ಚತೊಡಗಿದರು. "ನಂಗೆ ಸೆಕೆ ಆಗ್ತಾ ಉಂಟು." ನಡುಕ ನಿಂತಿತ್ತು, ಮಾತು ಕುಡಿದವರಂತೆ ತೊದಲುತ್ತಿತ್ತು.

ಹೆಂಡತಿ ಪುಷ್ಪಾವತಿ ಅವರ ತೋಳು ಹಿಡಿದು ತಡೆದರು. ಡಿಸೆಂಬರಿನ ಅಕಾಲ ಮಳೆ ಆಗಷ್ಟೇ ನಿಂತು, ಗಾಳಿ ಮುಖ ಕೊಯ್ಯುತ್ತಿತ್ತು. ಡೊಂಬಿವಲಿಯಿಂದ ಬರುವಾಗ ಬಸ್ಸಿನಲ್ಲಿ ಚಾರಣ ತಂಡದ ನಾಯಕಿ ಅನುಷ್ಕಾ ಎಚ್ಚರಿಸಿದ್ದಳು: ಮೈ ಬೆಚ್ಚಗಾಗದೆ ನಡುಕ ನಿಂತರೆ ಅದು ಜೀವಕ್ಕೇ ಅಪಾಯ.

"ತುದಿ ಇಲ್ಲೇ ಉಂಟು, ಹೋಗುವ," ಎಂದು ಗಂಡ ಕೈ ಕೊಡವಿಕೊಂಡರು. ಡೊಂಬಿವಲಿಯ ತಮ್ಮ ಹೋಟೆಲಿನ ಗಲ್ಲಾದ ಮೇಲೆ ಯಜಮಾನರಾಗಿ ಕೂತವರು ಯಾರ ಮಾತನ್ನೂ ಕೇಳಿದ್ದಿಲ್ಲ. "ತುದಿ ಬೇಡ ಮಾರಾಯ್ರೆ, ಕೂತ್ಕೊಳ್ಳಿ." ಪುಷ್ಪಾವತಿ ಅವರನ್ನು ಬಂಡೆಯ ಮರೆಗೆ ಎಳೆದು ಕೂರಿಸಿ, ಮುಂದೆ ಹೋಗಿದ್ದ ಅನುಷ್ಕಾಳನ್ನು ಕೂಗಿ ಕರೆದರು. ಗಂಡನ ಒದ್ದೆ ಬಟ್ಟೆ ಕಳಚಿ ತಮ್ಮ ಚೀಲದ ಒಣ ಸ್ವೆಟರ್ ತೊಡಿಸಿದರು. ಕಿವಿ ಮುಚ್ಚುವಂತೆ ಶಾಲು ಸುತ್ತಿದರು. ಆಮೇಲೆ ಎರಡೂ ತೋಳುಗಳಿಂದ ಅವರನ್ನು ಎದೆಗೆ ಅವಚಿಕೊಂಡರು. ಡೊಂಬಿವಲಿ ಸ್ಟೇಷನ್ನಿನ ನೂಕುನುಗ್ಗಲಿನಲ್ಲೂ ಅವರು ಒಬ್ಬರ ಕೈ ಒಬ್ಬರು ಹಿಡಿದವರಲ್ಲ.

"ತಂಡದ ಮಕ್ಕಳೆಲ್ಲ ನೋಡ್ತಾರೆ," ಮುಂಡಪ್ಪ ಗೊಣಗಿದರು.

"ನೋಡ್ಲಿ."

ಅನುಷ್ಕಾ ಓಡಿ ಬಂದು ಸ್ಲೀಪಿಂಗ್ ಬ್ಯಾಗ್ ಹೊದಿಸಿದಳು. ಪುಷ್ಪಾವತಿ ಅಪ್ಪುಗೆ ಸಡಿಲಿಸದೆ, ನಡುಕ ಮರಳುವುದನ್ನೇ ಕಾಯುತ್ತ ಕೂತೇ ಇದ್ದರು. ಬಹಳ ಹೊತ್ತಿನ ಮೇಲೆ ಗಂಡನ ಹಲ್ಲು ಕಟಕಟ ಸದ್ದು ಮಾಡಿತು.

"ಪುಷ್ಪಾ, ಭಾರೀ ಚಳಿ ಆಗ್ತದೆ ನಂಗೆ."

"ಆಗ್ಲಿ," ಎಂದು ಅವರು ಇನ್ನೂ ಗಟ್ಟಿಯಾಗಿ ಅಪ್ಪಿಕೊಂಡರು.