ಪೆನ್ ಡ್ರೈವ್‌ನ ದೀಪ

“ಈಗ ಸುರಕ್ಷಿತವಾಗಿ ತೆಗೆಯಬಹುದು” ಎಂದು ಪರದೆ ಹೇಳಿದರೂ ಪೆನ್ ಡ್ರೈವ್‌ನ ಕೆಂಪು ದೀಪ ಮಿಣುಕುತ್ತಲೇ ಇತ್ತು. ಕೀಳಲು ಚಾಚಿದ ಕೈಯನ್ನು ಹುಲಗೇಶ ಹಿಂದಕ್ಕೆ ತೆಗೆದುಕೊಂಡ. ಹೋದ ವಾರ ಹಾಗೇ ಕಿತ್ತು ರಿಪೋರ್ಟ್ ಕೆಟ್ಟಾಗ, ಸನತ್‌ನಗರದಲ್ಲಿ ಅವನು ಕೆಲಸಕ್ಕಿದ್ದ ಈ ಕೆಮಿಕಲ್ ಫ್ಯಾಕ್ಟರಿಯ ಮ್ಯಾನೇಜರ್ ತೆಲುಗಿನಲ್ಲಿ ಉಗಿದದ್ದು ಇನ್ನೂ ಕಿವಿಯಲ್ಲಿತ್ತು. ಟ್ಯಾಂಕಿನ ಮೇಲೆ ಕಣ್ಣಿಡುವ ಸಿಸ್ಟಂ ಹಾಕಿಕೊಟ್ಟಿದ್ದ ಮಧುರಾಗೆ ಫೋನ್ ಮಾಡಿದ.

“ಮೇಡಂರಿ, ತೆಗೀಬಹುದು ಅಂತ ಬಂತು. ಆದ್ರ ಲೈಟ್ ಇನ್ನೂ ಮಿಣುಕಾಕತ್ತೈತಿ.”

“ಯಾವ ವಿಂಡೋದಲ್ಲಿ ಒತ್ತಿದ್ರಿ?”

“ಟ್ಯಾಂಕಿನ ಟೆಂಪರೇಚರ್ ಬರ್ತೈತಲ್ರಿ, ಅದರಾಗ. ತೆಗಿಯಾಕ ಅಂತ ಪಟ್ಟಿಯಾಗ ಒಂದ ಹೆಸರಿತ್ತು, ಅದನ್ನ ಒತ್ತಿದೆ.”

ಮಧುರಾ ಕುರ್ಚಿಯಿಂದ ಎದ್ದೇಬಿಟ್ಟಳು. ಆ ವಿಂಡೋ ಅವನ ಮೇಜಿನ ಕಂಪ್ಯೂಟರಿನದಲ್ಲ. ಸರ್ವರ್‌ನೊಳಗೆ ಓಡುವ ವರ್ಚುವಲ್ ಮಷೀನಿನದು, ಎಂದರೆ ಸಾಫ್ಟ್‌ವೇರಿನಲ್ಲೇ ಕಟ್ಟಿದ ಇನ್ನೊಂದು ಕಂಪ್ಯೂಟರಿನದು. ಅಲ್ಲಿ ನೆಟ್‌ವರ್ಕ್ ಕಾರ್ಡ್ ಕೂಡ ಪೆನ್ ಡ್ರೈವ್‌ನ ಹಾಗೆ ಕಿತ್ತಿಡುವ ವಸ್ತುವಾಗಿ ಕಾಣಿಸುತ್ತದೆ. ಕಿತ್ತರೆ ಟ್ಯಾಂಕಿನಿಂದ ಸುದ್ದಿ ಬರುವ ದಾರಿಯೇ ಮುಚ್ಚಿಹೋಗುತ್ತದೆ. ಹಾಗೆ ಕೀಳಲಾಗದಂತೆ ಮಾಡುವ ಸೆಟ್ಟಿಂಗ್ ಒಂದಿದೆ. ಮುಂದಿನ ಸಲ ಮಷೀನ್ ನಿಲ್ಲಿಸಿದಾಗ ಹಾಕಿದರಾಯಿತು ಎಂದು ಅವಳು ಬಿಟ್ಟಿದ್ದಳು.

“ಟೆಂಪರೇಚರ್ ಎಷ್ಟಿದೆ?”

“ಎಪ್ಪತ್ತೆಂಟ್ರಿ. ಇವತ್ತ ಭಾಳ ಶಾಂತ ಐತಿ. ಒಂದ ಅಲಾರಂ ಸೈತ ಹೊಡ್ಕೊಂಡಿಲ್ಲ.”

“ಹುಲಗೇಶ್, ಆ ನಂಬರ್ ಸ್ವಲ್ಪನಾದ್ರೂ ಕದಲ್ತಿದೆಯಾ?”

ಹುಲಗೇಶ ಪರದೆಯನ್ನೇ ನೋಡುತ್ತ ಹಿಂದಿನ ಗೋಡೆಗೆ ಒರಗಿದ. ಟ್ಯಾಂಕ್ ಇದ್ದದ್ದು ಆ ಗೋಡೆಯ ಆಚೆಗೆ. ಬೆನ್ನು ಚುರ್ ಎಂದು ಸುಟ್ಟು, ತಟ್ಟನೆ ಮುಂದೆ ಸರಿದ.

ಪರದೆಯಲ್ಲಿ ಎಪ್ಪತ್ತೆಂಟೇ ಇತ್ತು.