ಬಾಲದ ಕೂದಲು

ನಾಟಿ ಹಸು ಕೆಂದಿಯ ಕೊರಳಿಗೆ ಸೇವಂತಿಗೆ ಹಾರ ಹಾಕಲು ಹೋದ ಮಹೇಶ್ಕುಮಾರ್, ಅದು ಕೊಂಬು ಬೀಸಿದ ಕೂಡಲೇ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಕೊನೆಗೆ ಹಾರವನ್ನು ಮುದ್ದಯ್ಯನೇ ಹಾಕಬೇಕಾಯಿತು.

"ರಿಸಲ್ಟ್ ಬಂತು ಕಣ್ರೀ ಮುದ್ದಯ್ಯ," ಎಂದು ಮಹೇಶ್ಕುಮಾರ್ ದೂರದಿಂದಲೇ ಕಾಗದ ಆಡಿಸಿದ. "ನಿಮ್ಮ ಕೆಂದಿ ಜೀನ್ ಟೆಸ್ಟಲ್ಲಿ ಪಾಸು. ಅಪ್ಪನ ಕಡೆಯಿಂದ್ಲೂ ಎ-ಟು, ತಾಯಿ ಕಡೆಯಿಂದ್ಲೂ ಎ-ಟು!"

ಮೈಸೂರಿನ ಮಂದಿಗೆ ಗಾಜಿನ ಬಾಟಲಿಯಲ್ಲಿ ಹಾಲು ಕುಡಿಸುವ ಕಂಪನಿಯೊಂದರ ಏಜೆಂಟ್ ಆತ. ಹಾಲಿನ ಒಂದು ಪ್ರೋಟೀನಿಗೆ ಎ-ಒನ್, ಎ-ಟು ಎಂಬ ಎರಡು ರೂಪಗಳಿವೆ, ಯಾವುದು ಎನ್ನುವುದು ಹಸುವಿನ ಹುಟ್ಟಿನಲ್ಲೇ ಬರುತ್ತದೆ ಎಂದು ಯಾರೋ ಅವನಿಗೆ ಹೇಳಿಕೊಟ್ಟಿದ್ದರು. ಹೆಗಲ ಮೇಲೆ ಹಿಣಿಲಿನ ಡುಬ್ಬ ಇದ್ದರೆ ಎ-ಟು, ಅಮೃತ; ಇಲ್ಲದಿದ್ದರೆ ಎ-ಒನ್, ವಿಷ ಎಂಬುದನ್ನು ಅವನೇ ಸೇರಿಸಿಕೊಂಡಿದ್ದ. ಹಾಗಾಗಿ ಕೊಟ್ಟಿಗೆಯಲ್ಲಿ ಸೀಮೆಹಸು ಇರಕೂಡದು ಎಂದು ಷರತ್ತು ಹಾಕಿದ್ದ. ಮುದ್ದಯ್ಯ ತಲೆಯಾಡಿಸಿ, ಕಪ್ಪುಬಿಳಿ ಸೀಮೆಹಸುವನ್ನು ಮಾರಲು ಒಪ್ಪಿಬಿಟ್ಟಿದ್ದ. ಅದನ್ನು ಕೊಳ್ಳುವ ಸಾಲಿಗ್ರಾಮದ ಮಂಚಯ್ಯ ಮಧ್ಯಾಹ್ನ ಟೆಂಪೋ ತರುವವನಿದ್ದ.

ಹೊತ್ತಿಗೆ ಎಂಟು ಲೀಟರ್ ಕೊಡುವ ಹಸು ಅದು. ಕೆಂದಿ ಕೊಡುವುದು ಒಂದು ಚೊಂಬು, ಅದೂ ಮನಸ್ಸು ಬಂದರೆ. ಸೀಮೆಹಸು ತಬ್ಬಲಿ ಕರುವಾಗಿದ್ದಾಗ ಅದಕ್ಕೆ ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದ್ದವಳು ಮುದ್ದಯ್ಯನ ಹೆಂಡತಿ ಸಣ್ಣತಾಯಮ್ಮ. ಎರಡು ದಿನದಿಂದ ಗಂಡನೊಂದಿಗೆ ಮಾತು ಬಿಟ್ಟಿದ್ದವಳು ಈಗ ಬಾಯಿ ತೆರೆದಳು.

"ಸಾರ್, ಆ ಚೀಟಿ ಕೆಂದೀದಲ್ಲ."

"ಮತ್ತ್ಯಾರ್ದು?"

"ಟೆಸ್ಟಿಗೆ ಅಂತ ಬಾಲದ ಕೂದ್ಲು ಕೀಳಾಕೆ ಬಂದಿದ್ದ ದಿಸ ಗೆಪ್ತಿ ಮಾಡ್ಕಳಿ. ಕೆಂದಿ ಒದ್ದೇಟ್ಗೆ ಗಂಜಳದ ಗುಂಡೀಲಿ ಕುಂತಿದ್ರಿ. ಅಲ್ಲಿಂದ್ಲೇ, 'ಯಾವ್ದಾರ ಒಂದ್ರದ್ದು ಕಿತ್ಕೊಡವ್ವ, ಲ್ಯಾಬ್‌ನೋರ್ಗೇನ್ ಗೊತ್ತಾಯ್ತದೆ' ಅಂದ್ರಿ. ನಾನು ಸೀಮೆಹಸೀಂದು ಕಿತ್ಕೊಟ್ಟೆ. ಕವರ್ ಮೇಲೆ ಕೆಂದಿ ಅಂತ ಬರ್ಕೊಂಡೋರು ನೀವು."

ಮಹೇಶ್ಕುಮಾರನ ಮುಖ ಹುಳ್ಳಗಾಯಿತು. ಸೀಮೆಹಸು ಅವನನ್ನೇ ನೋಡುತ್ತ ಮೆಲುಕು ಹಾಕುತ್ತಿತ್ತು.

"ಹಾಗಾದ್ರೆ ಕೆಂದಿ ಎ-ಒನ್ನೋ, ಎ-ಟುವೋ?"

"ಅದ್ರ ಕೂದ್ಲು ಕಿತ್ತೋರ್ಯಾರು? ಬೇಕಾದ್ರೆ ಈಗ್ಲೂ ಓಗಿ ಕೀಳಿ."

ಕೆಂದಿ ಹಿಂಗಾಲನ್ನು ಒಮ್ಮೆ ಎತ್ತಿ ಇಟ್ಟಿತು. ಮಹೇಶ್ಕುಮಾರ್ ಕದಲಲಿಲ್ಲ. ಕೆಂದಿಯ ಹಿಣಿಲಿನ ಚಿತ್ರವಿದ್ದ ಲೇಬಲ್ಲುಗಳು ಆಗಲೇ ಅಚ್ಚಾಗಿ ಬಂದಿದ್ದವು. ಮಾನ ಇದ್ದವನಾದರೆ ಆ ಕಾಗದವನ್ನು ಅಲ್ಲೇ ಹರಿದು ಹಾಕುತ್ತಿದ್ದ. ಇವನು ನಾಲ್ಕಾಗಿ ಮಡಿಸಿ ಜೇಬಿಗಿಟ್ಟುಕೊಂಡ.

"ಮುದ್ದಯ್ಯ, ಟೆಂಪೋ ಬೇಡ ಅಂತ ಫೋನ್ ಮಾಡಿ. ಹಾಲು ಈ ಸೀಮೆಹಸುದೇ ಕೊಡಿ. ಫೋಟೋ ಮಾತ್ರ ಕೆಂದೀದು."

ಸಣ್ಣತಾಯಮ್ಮನಿಗೆ ಹೋದ ಜೀವ ಬಂದಂತಾಯಿತು. ಅದರ ಬೆನ್ನಿಗೇ ಈ ಮನುಷ್ಯನನ್ನು ಕಂಡು ಹೇಸಿಗೆಯೂ ಆಯಿತು.

ಫೋಟೋಗೆ ಬಕೆಟ್ ತುಂಬ ನೊರೆಹಾಲು ಬೇಕಿತ್ತು. ಕೆಂದಿ ಹತ್ತಿರಕ್ಕೂ ಸೇರಿಸಲಿಲ್ಲ. ಮಹೇಶ್ಕುಮಾರ್ 'ಶುದ್ಧ ನಾಟಿ ಹಸುವಿನ ಹಾಲು' ಎಂಬ ಬ್ಯಾನರನ್ನು ಸೀಮೆಹಸುವಿನ ಮುಂದೆ ಅಡ್ಡ ಕಟ್ಟಿಸಿದ. ಅದರ ಹಿಂದೆ ಕುಳಿತು ಸಣ್ಣತಾಯಮ್ಮ ಕರೆದುಕೊಟ್ಟ ಮೊದಲ ಬಕೆಟನ್ನು ಮುದ್ದಯ್ಯ ತಂದು ಕೆಂದಿಯ ಮುಂದಿಟ್ಟ. ಮಹೇಶ್ಕುಮಾರ್ ಮೊಬೈಲ್ ಎತ್ತಿದ.

"ಸಾರ್, ಬ್ಯಾನರ್ ಕೆಳ್ಗೆ ಅದ್ರ ಕಾಲು ನಾಕೂ ಕಾಣ್ತವೆ," ಎಂದ ಮುದ್ದಯ್ಯ.

"ಕಂಪ್ಯೂಟರಲ್ಲಿ ಅಳಿಸಿದ್ರಾಯ್ತು, ಬಿಡಿ."

ಬ್ಯಾನರಿನ ಹಿಂದೆ ಹಾಲು ಸೊರ್ರೆಂದು ಬೀಳುವ ಸದ್ದು ಒಂದು ಗಳಿಗೆ ನಿಂತಿತು.

"ಕಾಲು ಅಳ್ಸಿ ಸಾರ್, ಬಾಲ್ವೂ ಅಳ್ಸಿ," ಎಂದಳು ಸಣ್ಣತಾಯಮ್ಮ. "ಕೆಚ್ಚಲು ಮಾತ್ರ ಬುಟ್ಬುಡಿ. ನಾಳೀಕೆ ನಿಮ್ಗೇ ಬೇಕಾಯ್ತದೆ."